ಸಹಾಯ ಬೇಕು: 80 ಲೀಟರ್ ರೀಫ್ ಟ್ಯಾಂಕ್‌ನಿಂದ 300 ಲೀಟರ್‌ಗೆ ಹೋಗಲೇ?

ಎರಡು ವರ್ಷದಿಂದ 80 ಲೀಟರಿನ ಉಪ್ಪುನೀರಿನ ರೀಫ್ ಟ್ಯಾಂಕ್ (ಹವಳ ಬೆಳೆಸುವ ಅಕ್ವೇರಿಯಂ) ಇಟ್ಟಿದ್ದೇನೆ. ಒಂದು ಜೋಡಿ ಕ್ಲೌನ್ ಮೀನು, ಸ್ವಲ್ಪ ಝೋವಾ (ಗುಂಪಾಗಿ ಬೆಳೆಯುವ ಸಣ್ಣ ಹವಳ), ಒಂದು ಟಾರ್ಚ್ ಕೋರಲ್ (ಕುಟುಕುವ ಉದ್ದ ಎಳೆಗಳಿರುವ ಹವಳ). ಟಾರ್ಚ್ ಈಗ ಎಷ್ಟು ಬೆಳೆದಿದೆ ಅಂದರೆ ರಾತ್ರಿ ಪಕ್ಕದ ಝೋವಾಗಳನ್ನು ಕುಟುಕುತ್ತಿದೆ. ಜಾಗವೇ ಇಲ್ಲ.

ಇನ್ನೊಂದು ತಲೆನೋವು ನೀರು ಆವಿಯಾಗುವುದು. ಎರಡು ದಿನ ಸಿಹಿನೀರು ತುಂಬಿಸದಿದ್ದರೆ ಸಾಂದ್ರತೆ (ಉಪ್ಪಿನಂಶದ ಅಳತೆ) 1.025ರಿಂದ 1.027ಕ್ಕೆ ಏರುತ್ತದೆ. ನೀರು ಜಾಸ್ತಿ ಇದ್ದಷ್ಟೂ ಇಂಥ ಏರುಪೇರು ನಿಧಾನ, ಅಲ್ವಾ? ದೊಡ್ಡ ಟ್ಯಾಂಕ್ ಬೇಕೆನ್ನಿಸಿದ್ದು ಅದಕ್ಕೇ. (ಹಳದಿ ಟ್ಯಾಂಗ್ ಮೀನು ಸಾಕುವ ಆಸೆಯೂ ಇದೆ, ಸುಳ್ಳು ಯಾಕೆ ಹೇಳಲಿ. 300 ಲೀಟರ್ ಕೂಡ ಅದಕ್ಕೆ ಇಕ್ಕಟ್ಟೇ ಇರಬಹುದು.)

ಆದರೆ ಲೆಕ್ಕ ಹಾಕಿದರೆ ಭಯ. ನೀರೇ 300 ಕೆಜಿ ದಾಟುತ್ತದೆ, ಮೇಲೆ ಕಲ್ಲು, ಗಾಜು, ಸ್ಟ್ಯಾಂಡ್. ನಾನಿರುವುದು ಮೂರನೇ ಮಹಡಿ. ಲೀಟರಿಗೆ 35 ಗ್ರಾಂ ಉಪ್ಪು ಅಂದರೆ ಮೊದಲ ಸಲಕ್ಕೇ ಹತ್ತೂವರೆ ಕೆಜಿ. ವಾರಕ್ಕೆ ಶೇ. 10 ನೀರು ಬದಲಿಸಿದರೂ 30 ಲೀಟರ್ ಆರ್‌ಒ ನೀರು ಹೊರಬೇಕು. ಈಗ ಒಂದು ಬಕೆಟ್‌ನಲ್ಲಿ ಮುಗಿಯುವ ಕೆಲಸ!

ಹೀಗೆ ಬದಲಾಯಿಸಿದವರು ಹೇಳಿ: ಹಳೆಯ ಲೈವ್ ರಾಕ್ (ಬ್ಯಾಕ್ಟೀರಿಯಾ ನೆಲೆಸಿರುವ ಕಲ್ಲು) ಹಾಕಿದರೆ ಹೊಸ ಟ್ಯಾಂಕ್ ಮತ್ತೆ ಸೈಕಲ್ ಆಗಲು (ಅಂದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು) ಎಷ್ಟು ದಿನ ಕಾದಿರಿ? ಹಳೆಯ ಮರಳು ಕದಡಿದರೆ ಅಮೋನಿಯಾ ಏರುತ್ತದೆ ಅಂತ ಅದನ್ನು ಬಿಟ್ಟು ಹೊಸದೇ ಹಾಕೋಣ ಅಂದುಕೊಂಡಿದ್ದೇನೆ, ಸರಿಯೇ? ಸಂಪ್ (ಟ್ಯಾಂಕ್ ಕೆಳಗಿಡುವ ಫಿಲ್ಟರ್ ತೊಟ್ಟಿ) ಇಲ್ಲದೆ 300 ಲೀಟರ್ ನಡೆಸಿದವರು ಯಾರಾದರೂ ಇದ್ದೀರಾ? ಅಥವಾ ಟಾರ್ಚ್ ಕತ್ತರಿಸಿ ಯಾರಿಗಾದರೂ ಕೊಟ್ಟು, ಆಟೋ ಟಾಪ್-ಆಫ್ (ಆವಿಯಾದಷ್ಟು ಸಿಹಿನೀರು ತಾನೇ ತುಂಬಿಸುವ ಸಾಧನ) ಒಂದು ಹಾಕಿ ಸುಮ್ನೆ ಇರಲೇ?