ಪಕ್ಷಮಾಸದ ಫಾರ್ವರ್ಡ್

ನಮ್ಮ ಗುಂಪಿನ ಹೆಸರು ‘ಅಜ್ಜಿ ಮನೆ’. ಅಜ್ಜಿ ಹೋಗಿ ಒಂಬತ್ತು ವರ್ಷ ಆಯಿತು, ಗುಂಪು ಮಾತ್ರ ಇದೆ. ಭಾನುವಾರ ಬೆಳಗ್ಗೆ 6.10ಕ್ಕೆ ದೊಡ್ಡಪ್ಪ ಒಂದು ಮೆಸೇಜ್ ಹಾಕಿದರು. ಹಾಕಿದ್ದು ಎಲ್ಲರಿಗೆ, ಏಟು ಪುಣೆಯಲ್ಲಿರುವ ಅವರ ಮಗ ಶಿವುಗೆ.

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಕಾಂಬೋಡಿಯಾದಲ್ಲಿ ಪಿತೃಪಕ್ಷಕ್ಕೆ 15 ದಿನ ಸರ್ಕಾರಿ ರಜೆ!! ಏಳು ತಲೆಮಾರಿನ ಹಿರಿಯರಿಗೆ ಪಿಂಡ! ಅಲ್ಲಿನ ಖ್ಮೇರ್ ಜನರ ಮಕ್ಕಳು ತಂದೆ ತಾಯಿಯನ್ನು ಬಿಟ್ಟು ಹೋಗುವುದೇ ಇಲ್ಲ. ನಾವು?? 🙏🙏

ಸುಮಾ: ಇದು ಎಲ್ಲಿಂದ ಬಂತು ದೊಡ್ಡಪ್ಪ? ಹಬ್ಬ 15 ದಿನ, ರಜೆ 3 ದಿನ. ಹೆಸರು ಪ್ಚುಮ್ ಬೆನ್. ‘ಬೆನ್’ ಅಂದರೆ ನಮ್ಮ ಪಿಂಡವೇ. ಅಷ್ಟು ಸರಿ. ಬಿಟ್ಟು ಹೋಗಲ್ಲ ಅನ್ನುವುದು ಸುಳ್ಳು. ಹಳ್ಳಿ ಹುಡುಗಿಯರು ರಾಜಧಾನಿ ನಾಮ್ ಪೆನ್‌ನ ಗಾರ್ಮೆಂಟ್ ಫ್ಯಾಕ್ಟರಿಗಳಿಗೆ ಹೋಗಿ ಮನೆಗೆ ದುಡ್ಡು ಕಳಿಸುತ್ತಾರೆ.

ದೊಡ್ಡಪ್ಪ: ಕಳಿಸುತ್ತಾರಲ್ಲ. ಅದೇ ಸಂಸ್ಕಾರ.

ಶಿವು: ನಾನೂ ಕಳಿಸ್ತೀನಪ್ಪ.

ಇಲ್ಲಿ ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ.

ರಘು ಭಾವ: ನಾವು ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೋದಾಗ ಇದೇ ಹಬ್ಬ. ಬೆಳಗಿನ ಜಾವ ನಾಲ್ಕಕ್ಕೆ ಜನ ಬೌದ್ಧ ವಿಹಾರ ಸುತ್ತುತ್ತಾ ಎಳ್ಳು ಕಲಸಿದ ಅನ್ನದ ಉಂಡೆಯನ್ನು ಕತ್ತಲಿಗೆ ಎಸೆಯುತ್ತಿದ್ದರು. ಪ್ರೇತಗಳಿಗೆ ಬೆಳಕು ಆಗಲ್ಲವಂತೆ, ಬಾಯಿ ಸೂಜಿ ಕಣ್ಣಿನಷ್ಟೇ ಅಂತೆ. ಒಂದು ಉಂಡೆ ನನ್ನ ಹೊಸ ಶರ್ಟಿಗೇ ಬಂದು ಅಂಟಿತು.

ಗಿರಿ: ನಮ್ಮ ಕಾಗೆ ನೆನಪಾಯ್ತು! ಅಜ್ಜಿ ಹೆಂಚಿನ ಮೇಲೆ ಎಡೆ ಇಟ್ಟು ಕರೆಯುತ್ತಿದ್ದಳು. ಕಾಗೆ ಮುಟ್ಟುವವರೆಗೆ ನಮಗೆ ವಡೆ ಇಲ್ಲ. ಒಂದು ವರ್ಷ ಶಿವು ಹಿತ್ತಲಲ್ಲಿ ನಿಂತು ಕಾ ಕಾ ಅಂತ ಕೂಗಿ ಸಿಕ್ಕಿಬಿದ್ದ 😂

ದೊಡ್ಡಪ್ಪ: ವಿಷಯಕ್ಕೆ ಬನ್ನಿ. ಕುಟುಂಬ ಅನ್ನುವುದು ಒಂದು ದಿನವೂ ಒಡೆಯದ ದೇಶ ಅದು.

ಸುಮಾ: 1975ರಿಂದ 79ರವರೆಗೆ? ಆಗ ಅಲ್ಲಿ ಆಳುತ್ತಿದ್ದ ಕಮ್ಯುನಿಸ್ಟ್ ಗುಂಪು ಖ್ಮೇರ್ ರೂಜ್‌ನವರು ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಕಡೆ ಹಾಕಿ ದುಡಿಸಿದರು. ಮನೆಯಲ್ಲಿ ಅಡುಗೆ ಮಾಡುವ ಹಾಗಿರಲಿಲ್ಲ, ಎಲ್ಲರಿಗೂ ಒಂದೇ ಕಡೆ ಗಂಜಿ. ಅಪ್ಪ ಅಮ್ಮನ ಮೇಲೆ ಮಕ್ಕಳ ಕೈಲೇ ಚಾಡಿ ಹೇಳಿಸಿದರು. ಸತ್ತವರು ಸುಮಾರು 17 ಲಕ್ಷ. ಎಲ್ಲಿ ಹೂತರು ಅಂತ ಎಷ್ಟೋ ಮನೆಗಳಿಗೆ ಇವತ್ತಿಗೂ ಗೊತ್ತಿಲ್ಲ. ಹಬ್ಬದಲ್ಲಿ ಹೆಸರು ಬರೆದುಕೊಟ್ಟು ಭಿಕ್ಷುಗಳಿಂದ ಓದಿಸುತ್ತಾರಲ್ಲ, ಸುಮ್ನೆ ಅಲ್ಲ ಅದು.

ದೊಡ್ಡಪ್ಪ: ಇಷ್ಟೆಲ್ಲ ತಿಳಿದವಳು ನನ್ನ ಷಷ್ಟ್ಯಬ್ದಿಗೆ ಯಾಕಮ್ಮ ಬರಲಿಲ್ಲ?

ಸುಮಾ: ಪರೀಕ್ಷೆ ಇತ್ತು.

ದೊಡ್ಡಪ್ಪ: ಸ್ಟೇಟಸ್‌ನಲ್ಲಿ ಊಟಿ ಇತ್ತು.

17 ಲಕ್ಷ ಜನರ ಮಾತು ಅಲ್ಲಿಗೇ ನಿಂತಿತು. ಆಮೇಲೆ ಆರು ತಿಂಗಳಿಂದ ಗುಂಪಿನಲ್ಲಿ ಬಾಯಿ ಬಿಡದ ಅತ್ತೆ ಬಂದರು.

ಅತ್ತೆ: ಅಲ್ಲಿ ವಯಸ್ಸಾದವರನ್ನು ಯಾರು ನೋಡಿಕೊಳ್ಳುತ್ತಾರೆ?

ಸುಮಾ: ಹೆಚ್ಚಾಗಿ ಕೊನೆ ಮಗಳು ಅತ್ತೆ. ಅಳಿಯನೇ ಹುಡುಗಿ ಮನೆಗೆ ಬರುವುದು ಅಲ್ಲಿನ ರೂಢಿ.

ಅತ್ತೆ: ಮತ್ತೆ ಮನೆ?

ಸುಮಾ: ಸಾಮಾನ್ಯವಾಗಿ ಅವಳಿಗೇ.

ಅತ್ತೆ: ಒಳ್ಳೆ ಸಂಸ್ಕಾರ ಅಣ್ಣ. ನಾವೂ ಶುರು ಮಾಡೋಣವಾ?

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಜ್ಜಿ ಕೊನೆಯ ಆರು ವರ್ಷ ಇದ್ದದ್ದು ಅತ್ತೆ ಹತ್ತಿರ. ಊರ ಮನೆ ಖಾತೆ ದೊಡ್ಡಪ್ಪನ ಹೆಸರಲ್ಲಿ. ‘ಟೈಪಿಂಗ್’ ಅಂತ ಬಂತು, ಹೋಯಿತು, ಮತ್ತೆ ಬಂತು.

ದೊಡ್ಡಪ್ಪ: ಖ್ಮೇರ್ ಹೆಂಗಸರಿಗೆ ಚ್ಬಾಪ್ ಸ್ರೇ ಅಂತ ನೀತಿಪದ್ಯ ಇದೆ. ಮನೆಯ ಬೆಂಕಿ ಹೊರಗೆ ಒಯ್ಯಬಾರದು ಅಂತ ಅದರಲ್ಲಿದೆ. ಅದನ್ನೂ ಓದಿ.

ಸುಮಾ: ಅದನ್ನು ಶಾಲೆ ಪಾಠದಿಂದ ತೆಗೆಯಿರಿ ಅಂತ ಅಲ್ಲಿನ ಹೆಂಗಸರೇ ಕೇಳುತ್ತಾ ಬಂದಿದ್ದಾರೆ.

ಅತ್ತೆ: ನಾನೆಲ್ಲಿ ಹೊರಗೆ ಒಯ್ದೆ ಅಣ್ಣ? ಮನೆ ಗುಂಪಲ್ಲೇ ಇದೆ.

ದೊಡ್ಡಮ್ಮ: ಅಮಾವಾಸ್ಯೆಗೆ ಉದ್ದು ಎಷ್ಟು ನೆನೆಹಾಕಲಿ? ಬರುವವರು ಕೈ ಎತ್ತಿ.

ಹನ್ನೊಂದು ಕೈ ಬಂದವು. ಅತ್ತೆಯದೂ ಇತ್ತು.

ಶಿವು: ನಮ್ಮ ಆಫೀಸಲ್ಲಿ ಆ 3 ದಿನವೂ ಕೊಡಲ್ಲಮ್ಮ. ನನ್ನ ಪಾಲಿನ ವಡೆ ಕೊರಿಯರ್ ಮಾಡ್ತೀಯಾ?

ಅತ್ತೆ: ವಾಯ್ಸ್ ಮೆಸೇಜಲ್ಲಿ ಕಾ ಕಾ ಅನ್ನು, ಕಳಿಸ್ತೀವಿ.