ಹೆಗ್ಗಣದ ಬಿಲ ಬಿಟ್ಟು ಬರದ ಜ್ಯಾಕ್ ರಸೆಲ್: ಹಿಡಿದೆಳೆದರೆ ಕಚ್ಚುತ್ತಾನೆ, ಏನು ಮಾಡಲಿ?

ಹಿತ್ತಲಮನೆ:
ನಮಸ್ಕಾರ. ನಾವಿರುವುದು ಮೈಸೂರಿನಲ್ಲಿ. ನಮ್ಮ ಜ್ಯಾಕ್ ರಸೆಲ್ ಟೆರಿಯರ್ ಪುಟ್ಟನಿಗೆ ಈಗ 14 ತಿಂಗಳು. ಮನೆಯೊಳಗೆ ಬಂಗಾರದಂಥ ನಾಯಿ. ಮಗಳ ತೊಡೆ ಮೇಲೆ ಮಲಗುತ್ತಾನೆ, ತಿನ್ನುವಾಗ ತಟ್ಟೆ ಮುಟ್ಟಿದರೂ ಸುಮ್ಮನಿರುತ್ತಾನೆ. ಹಿತ್ತಲಿಗೆ ಬಿಟ್ಟರೆ ಮಾತ್ರ ಬೇರೆಯೇ ನಾಯಿ. ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೆರೆಯಲು ಶುರು ಮಾಡಿದರೆ ಅರ್ಧ ಗಂಟೆ ತಲೆ ಎತ್ತುವುದಿಲ್ಲ. ಎಷ್ಟು ಕೂಗಿದರೂ ಕೇಳಿಸದವನ ಹಾಗೆ ಇರುತ್ತಾನೆ. ನಿನ್ನೆ ಹಿಂಗಾಲು ಹಿಡಿದು ಎಳೆದೆ. ಗಬಕ್ಕನೆ ತಿರುಗಿ ಕಚ್ಚಿದ. ಹೆಬ್ಬೆರಳ ಬುಡದಲ್ಲಿ ಎರಡು ಹಲ್ಲು ಇಳಿದು ರಕ್ತ ಬಂತು. "ಇವನಿಗೆ ಸಿಟ್ಟು ಜಾಸ್ತಿಯಾಗ್ತಿದೆ, ಯಾರಿಗಾದರೂ ಕೊಟ್ಟುಬಿಡೋಣ" ಅಂತ ಮನೆಯಲ್ಲಿ ಮಾತು ಶುರುವಾಗಿದೆ. ಬಿಳಿ ನಾಯಿಗಳಲ್ಲಿ ಕಿವುಡು ಇರುತ್ತದೆ ಅಂತ ಎಲ್ಲೋ ಓದಿದ್ದೆ. ಅದೇ ಇರಬಹುದಾ?

ಮಣ್ಣುಮೂಗು:
ಮೊದಲು ನಿಮ್ಮ ಕೈ ವಿಚಾರ. ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದಿರಾ? ಮನೆ ನಾಯಿ, ಲಸಿಕೆ ಹಾಕಿಸಿದೆ ಅಂತ ಬಿಟ್ಟುಬಿಡಬೇಡಿ. ರೇಬೀಸ್ ಚುಚ್ಚುಮದ್ದು ಬೇಕೋ ಬೇಡವೋ ಅಂತ ಡಾಕ್ಟರೇ ಹೇಳಲಿ. ಇವತ್ತೇ ಹೋಗಿ.

ಬಿಳಿ ಬಣ್ಣ ಜಾಸ್ತಿ ಇರುವ ಕೆಲವು ಜ್ಯಾಕ್ ರಸೆಲ್‌ಗಳು ಹುಟ್ಟಿನಿಂದ ಕಿವುಡಾಗಿರುವುದು ನಿಜ. ಅವನು ಬೇರೆ ಕೋಣೆಯಲ್ಲಿರುವಾಗ ಬಿಸ್ಕತ್ತಿನ ಪೊಟ್ಟಣ ಸರಬರ ಮಾಡಿ ನೋಡಿ. ಒಂದೇ ಕಿವಿ ಕೇಳದಿದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ. ಪೂರ್ತಿ ಕಿವುಡಾಗಿದ್ದರೆ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ. ಹಿತ್ತಲ ತುಂಬಾ ಕೆರೆಯುತ್ತಾನಾ, ಅಥವಾ ಅದೊಂದೇ ಜಾಗವಾ? ಅಲ್ಲಿ ಬಿಲ ಇದೆಯಾ ನೋಡಿ.

ಹಿತ್ತಲಮನೆ:
ಡಾಕ್ಟರಿಗೆ ತೋರಿಸಿದೆ, ಚುಚ್ಚುಮದ್ದು ಶುರುವಾಗಿದೆ. ಪೊಟ್ಟಣದ ಸದ್ದಿಗೆ ಪುಟ್ಟ ಮಹಡಿಯಿಂದ ಓಡಿ ಬಂದ! ಸಂಜೆ ಟಾರ್ಚ್ ಹಿಡಿದು ನೋಡಿದೆ. ಕಲ್ಲಿನ ಹಿಂದೆ ನನ್ನ ಮುಷ್ಟಿ ಹೋಗುವಷ್ಟು ಬಿಲ, ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ. ಹೆಗ್ಗಣವೇ ಇರಬೇಕು. ಪಕ್ಕದ ಮನೆಯವರೂ ಹೆಗ್ಗಣದ ಕಾಟಕ್ಕೆ ಪಾಷಾಣ ಇಡುತ್ತಾರೆ.

ಮಣ್ಣುಮೂಗು:
ಹಾಗಾದರೆ ನಿಮ್ಮ ಪುಟ್ಟನಿಗೆ ಏನೂ ಕೆಟ್ಟಿಲ್ಲ. ದಯವಿಟ್ಟು ಯಾರಿಗೂ ಕೊಡಬೇಡಿ.

ಟೆರಿಯರ್ ಅನ್ನುವ ಹೆಸರಿನಲ್ಲೇ ಮಣ್ಣಿದೆ. ಲ್ಯಾಟಿನ್ ಭಾಷೆಯ 'ಟೆರ್ರಾ' ಅಂದರೆ ನೆಲ, ಮಣ್ಣು. ಮುಂದೆ ಇಂಗ್ಲೆಂಡಿನ ಡೆವನ್‌ನಲ್ಲಿ ಪಾದ್ರಿಯಾದ ಜಾನ್ ರಸೆಲ್ 1819ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, ಒಬ್ಬ ಹಾಲಿನವನಿಂದ ಟ್ರಂಪ್ ಅನ್ನುವ ಹೆಣ್ಣು ನಾಯಿ ಕೊಂಡರು. ಈ ತಳಿಯ ಕಥೆ ಅಲ್ಲಿಂದಲೇ ಶುರು. ಅವರಿಗೆ ಬೇಕಾಗಿದ್ದದ್ದು ನರಿಯ ಬಿಲಕ್ಕೆ ನುಗ್ಗಿ, ಅದನ್ನು ಕೊಲ್ಲದೆ, ಎದುರು ನಿಂತು ಬೊಗಳಿ ಹೊರಗೆ ಓಡಿಸುವ ನಾಯಿ. ಕತ್ತಲ ಬಿಲದೊಳಗೆ ಹೇಳಿಕೊಡುವವರು ಯಾರೂ ಇರುವುದಿಲ್ಲ, ಅಲ್ವಾ? ನಾಯಿ ತಾನೇ ತೀರ್ಮಾನ ಮಾಡಬೇಕು, ಹಿಂದೆ ಸರಿಯಬಾರದು. ಅಂಥವನ್ನೇ ಆರಿಸಿ ಆರಿಸಿ ಬೆಳೆಸಿದರು. ಇವತ್ತಿಗೂ ಶೋಗಳಲ್ಲಿ ಇವುಗಳ ಎದೆಯನ್ನು ಎರಡೂ ಕೈಯಿಂದ ಸುತ್ತಿ ಹಿಡಿದು ನೋಡುತ್ತಾರೆ. ಸುತ್ತಳತೆ 40ರಿಂದ 43 ಸೆಂಟಿಮೀಟರ್ ಇರಬೇಕು. ದಪ್ಪಗಿದ್ದರೆ ಬಿಲದಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ.

ಅಂಥ ನಾಯಿಯ ಮೂಗಿನ ಮುಂದೆ ನಮ್ಮೂರಿನ ಹೆಗ್ಗಣ! ನೀವು ಕೂಗಿದ್ದು ಅವನ ಕಿವಿಗೆ ಬಿದ್ದಿರುತ್ತದೆ, ತಲೆಗೆ ಹೋಗಿರುವುದಿಲ್ಲ. ಆ ಹೊತ್ತಿನಲ್ಲಿ ಹಿಂದಿನಿಂದ ಯಾರೋ ಕಾಲು ಹಿಡಿದರೆ, ಯಾರು ಅಂತ ನೋಡುವ ಮೊದಲೇ ಹಲ್ಲು ತಿರುಗುತ್ತದೆ. ಇದನ್ನು ಸಿಟ್ಟು ಅಂತ ನಾನು ಒಪ್ಪುವುದಿಲ್ಲ.

ಆದರೆ ಕೈ ಕಟ್ಟಿ ಕೂರುವ ಹಾಗೂ ಇಲ್ಲ. ನನಗೆ ಹೆದರಿಕೆ ಆಗಿದ್ದು ನಿಮ್ಮ ಕೊನೇ ಸಾಲು ಓದಿ. ಪಾಷಾಣ ತಿಂದ ಹೆಗ್ಗಣವನ್ನು ಪುಟ್ಟ ತಿಂದರೂ ಅಪಾಯ, ಆ ಗುಳಿಗೆಯನ್ನೇ ತಿಂದರಂತೂ ಇನ್ನೂ ಅಪಾಯ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳಿವೆ. ಅವನ್ನು ತಿಂದ ನಾಯಿ ಮೊದಲ ಎರಡು ಮೂರು ದಿನ ಆಟವಾಡಿಕೊಂಡೇ ಇರುತ್ತದೆ. ಆಮೇಲೆ ವಸಡು ಬಿಳಿಚಿಕೊಳ್ಳುತ್ತದೆ, ಸುಸ್ತಾಗುತ್ತದೆ, ಮೂಗಿನಲ್ಲಿ ರಕ್ತ ಬರಬಹುದು. ಬೇಗ ಗೊತ್ತಾದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು. ಜಿಂಕ್ ಫಾಸ್ಫೈಡ್ ಆದರೆ ಕೆಲವೇ ಗಂಟೆಗಳಲ್ಲಿ ಕೈ ಮೀರುತ್ತದೆ. ಅನುಮಾನ ಬಂದ ಕೂಡಲೇ ವಿಷದ ಪೊಟ್ಟಣದ ಸಮೇತ ಪಶುವೈದ್ಯರ ಹತ್ತಿರ ಓಡಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಪಕ್ಕದ ಮನೆಯವರ ಹತ್ತಿರ ಇವತ್ತೇ ಮಾತಾಡಿ, ಬೋನು ಇಡಲು ಹೇಳಿ.

ಎರಡನೆಯದು ಇಲಿ ಜ್ವರ. ಹೆಗ್ಗಣದ ಉಚ್ಚೆ ಬಿದ್ದ ಹಸಿ ಮಣ್ಣಿನಿಂದ ನಾಯಿಗೂ ಬರುತ್ತದೆ, ನಾಯಿಯಿಂದ ನಿಮಗೂ ಬರಬಹುದು. ಲಸಿಕೆ ಪುಸ್ತಕದಲ್ಲಿ ಇದರ ಲಸಿಕೆ (ಲೆಪ್ಟೋಸ್ಪೈರಾ) ಯಾವಾಗ ಹಾಕಿಸಿದ್ದು ನೋಡಿ. ಅದನ್ನು ವರ್ಷಕ್ಕೊಮ್ಮೆ ಹಾಕಿಸಲೇಬೇಕು. ಇನ್ನು ಹಾವು. ಹೆಗ್ಗಣದ ಬಿಲದಲ್ಲಿ ನಾಗರಹಾವು ಸೇರಿಕೊಳ್ಳುವುದು ನಮಗೆಲ್ಲ ಗೊತ್ತೇ ಇದೆ.

ಹಾಗಾಗಿ ಆ ಬಿಲ ಮುಚ್ಚಲೇಬೇಕು. ಒಳಗೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕಬ್ಬಿಣದ ಜಾಲರಿ ತುರುಕಿ, ಮೇಲೆ ಸಿಮೆಂಟು ಹಾಕಿಸಿ. ನಮ್ಮಲ್ಲಿ ಗಾಜಿನ ಚೂರು ತುಂಬುವ ರೂಢಿ ಇದೆ. ಅದು ಬೇಡ, ಪುಟ್ಟನ ಪಾದ ಸೀಳಿಹೋಗುತ್ತದೆ.

ಒಂದನ್ನು ಮುಚ್ಚಿದ ಮೇಲೆ ಇನ್ನೊಂದನ್ನು ಕೊಡಬೇಕು. ಇಲ್ಲದಿದ್ದರೆ ಅವನ ಕಣ್ಣು ನಿಮ್ಮ ಗುಲಾಬಿ ಗಿಡದ ಮೇಲೆ ಬೀಳುತ್ತದೆ. ಹಿತ್ತಲ ಮೂಲೆಯಲ್ಲಿ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲಕ್ಕೆ ಇಟ್ಟಿಗೆ ಜೋಡಿಸಿ, ಮರಳು ಮತ್ತು ಕೆಂಪು ಮಣ್ಣು ಕಲಸಿ ತುಂಬಿ. ಮೊದಲ ದಿನ ಅವನ ಎದುರಿಗೇ ಬೇಯಿಸಿದ ಕೋಳಿ ಈಲಿಯ (ಲಿವರ್) ಚೂರನ್ನು ಬೆರಳುದ್ದ ಆಳದಲ್ಲಿ ಹೂತಿಡಿ. ದಿನಾ ಸ್ವಲ್ಪ ಸ್ವಲ್ಪ ಆಳಕ್ಕೆ ಹೋಗಿ. ನಮ್ಮ ಹೆಣ್ಣು ನಾಯಿಗೆ ಈಗ 9 ವರ್ಷ, ಇವತ್ತಿಗೂ ಬೆಳಗ್ಗೆ ಎದ್ದರೆ ಮೊದಲು ಅವಳ ಮಣ್ಣಿನ ಗುಂಡಿಗೆ ಹೋಗುತ್ತಾಳೆ. ಮೂಗು ಒಳಗೆ ತೂರಿಸಿ, ಒಂದು ಸಲ ಜೋರಾಗಿ ಉಸಿರು ಬಿಟ್ಟು, ಆಮೇಲೆ ಕೆರೆಯುತ್ತಾಳೆ. ಅದನ್ನು ನೋಡುವುದೇ ನನ್ನ ಬೆಳಗು.

ಮತ್ತೆ ಎಂದೂ ಹಿಡಿದು ಎಳೆಯಬೇಡಿ. ಹತ್ತು ಮೀಟರ್ ಹಗ್ಗ ಕಟ್ಟಿ ಬಿಡಿ. ಕತ್ತಿನ ಪಟ್ಟಿಗೆ ಬೇಡ, ಎದೆಪಟ್ಟಿಗೆ ಕಟ್ಟಿ. ಕರೆಯುವಾಗ ಅವನ ಮೂಗಿನ ಹತ್ತಿರ ಈಲಿ ತೋರಿಸಿ, "ಬಾ" ಅನ್ನಿ, ತಿಂದ ಮೇಲೆ ತಿರುಗಿ ಕೆರೆಯಲು ಬಿಡಿ. ಬಂದ ತಕ್ಷಣ ಪ್ರತಿ ಸಲವೂ ಒಳಗೆ ಎಳೆದುಕೊಂಡು ಹೋದರೆ ಯಾವ ನಾಯಿ ಬರುತ್ತದೆ ಹೇಳಿ? ಗುರ್ ಅಂದರೆ ಹೊಡೆಯಬೇಡಿ. ಅದು ಅವನು ಕೊಡುವ ಎಚ್ಚರಿಕೆ. ಅದನ್ನು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತಾನೆ.

ತೆಂಗಿನಗರಿ:
ನಮ್ಮ ನಾಯಿಗೆ ಬೇಜಾರಾದಾಗ ಎಳನೀರು ಕುಡಿದ ಬುರುಡೆ ಹಾಕುತ್ತೇವೆ. ಒಂದು ಗಂಟೆ ಸದ್ದಿಲ್ಲ. ಇವರೂ ಹಾಗೆ ಮಾಡಬಹುದಾ?

ಮಣ್ಣುಮೂಗು:
ಬೇಡ ಅನ್ನುತ್ತೇನೆ. ಟೆರಿಯರ್ ಬರೀ ಕಚ್ಚಿ ಆಡುವುದಿಲ್ಲ, ನಾರು ಕಿತ್ತು ನುಂಗುತ್ತದೆ. ಐದಾರು ಕಿಲೋ ತೂಕದ ನಾಯಿಯ ಕರುಳಿನಲ್ಲಿ ಅದು ಉಂಡೆ ಕಟ್ಟಿಕೊಂಡರೆ ಆಪರೇಷನ್ನೇ ಗತಿ. ಅದರ ಬದಲು ಅವನ ಒಣ ಆಹಾರವನ್ನು ಹುಲ್ಲಿನಲ್ಲಿ ಎರಚಿ, ಮೂಗಿನಿಂದ ಹುಡುಕಿ ತಿನ್ನಲಿ. ಇಪ್ಪತ್ತು ನಿಮಿಷ ಮೂಗಿಗೆ ಕೆಲಸ ಕೊಟ್ಟರೆ ಚೆನ್ನಾಗಿ ದಣಿಯುತ್ತಾನೆ.

ಹಿತ್ತಲಮನೆ:
ಮೂರು ವಾರ ಆಯಿತು, ಬರೆಯುತ್ತೇನೆ ಅಂದುಕೊಂಡೇ ಇದ್ದೆ. ಬಿಲ ಮುಚ್ಚಿಸಿದ್ದೇವೆ. ಮೊದಲ ನಾಲ್ಕು ದಿನ ಸಿಮೆಂಟಿನ ಮೇಲೇ ಕೂತು ಕುಂಯ್‌ಗುಟ್ಟಿದ, ನೋಡಲಾಗಲಿಲ್ಲ. ಈಗ ಗುಂಡಿಗೆ ಹೊಂದಿಕೊಂಡಿದ್ದಾನೆ. ಮೊನ್ನೆ ಕಾಂಪೌಂಡಿನ ಬುಡದಲ್ಲಿ ಹೊಸ ಬಿಲ ಹುಡುಕಿ ಕೆರೆಯುತ್ತಿದ್ದ. ನಾನು ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು "ಬಾ" ಅಂದೆ. ತಲೆ ಹೊರಗೆ ತೆಗೆದ. ಮೂಗಿನ ಮೇಲೆ ಕೆಂಪು ಮಣ್ಣು, ಕಣ್ಣಿನ ರೆಪ್ಪೆಯಲ್ಲೂ ಮಣ್ಣು. ಒಂದು ಸಲ ಬಿಲದ ಕಡೆ, ಒಂದು ಸಲ ನನ್ನ ಕಡೆ ನೋಡಿ, ಎದ್ದು ಬಂದ. ಕಣ್ಣಲ್ಲಿ ನೀರು ಬಂತು ನನಗೆ.

ಪಕ್ಕದ ಮನೆಯವರು ಪಾಷಾಣ ನಿಲ್ಲಿಸಿ ಬೋನು ತಂದಿದ್ದಾರೆ. ಲೆಪ್ಟೋ ಲಸಿಕೆಯ ಗಡುವು ಮೀರಿತ್ತು. ಒಂದು ಡೋಸ್ ಹಾಕಿಸಿದೆ, ಎರಡನೆಯದು ಈ ಶನಿವಾರ. ಕೊಟ್ಟುಬಿಡುವ ಮಾತು ಮನೆಯಲ್ಲಿ ನಿಂತಿದೆ.