ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿಗೆ ನಾಸ್ (ನೆಟ್‌ವರ್ಕಿನಲ್ಲಿ ಎಲ್ಲರಿಗೂ ಸಿಗುವ ಡಿಸ್ಕಿನ ಪೆಟ್ಟಿಗೆ) ಜೋಡಿಸಬಹುದಾ? ಗೊತ್ತಿದ್ದವರು ಹೇಳಿ

ಪ್ರಶ್ನೆ (ಬದಿಯಡ್ಕ): ನಮ್ಮ ಸಂಘದಲ್ಲಿ ಯಕ್ಷಗಾನದ ಮಿನಿ ಡಿವಿ (ಹಳೆ ಡಿಜಿಟಲ್ ವಿಡಿಯೋ) ಟೇಪುಗಳುಂಟು, ಕಂಪ್ಯೂಟರಿಗೆ ಇಳಿಸಬೇಕು. ಇರುವುದು ಎರಡು ಎಕ್ಸ್‌ಪಿ, ಒಂದು ವಿಂಡೋಸ್ 7. ಡಿಸ್ಕು 80 ಜಿಬಿಯದ್ದು. ಎರಡು ಡಿಸ್ಕಿನ ನಾಸ್ ತಂದರೆ ಎಕ್ಸ್‌ಪಿಗೆ ಕಾಣುತ್ತದಾ?

ಕುಂಬಳೆಯಿಂದ: ಕಾಣುತ್ತದೆ, ಆದರೆ ತಂದಿಟ್ಟ ಕೂಡಲೇ ಅಲ್ಲ. ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ಎಸ್‌ಎಂಬಿ ಪ್ರೊಟೊಕಾಲಿನಲ್ಲಿ ಎಕ್ಸ್‌ಪಿಗೆ ಗೊತ್ತಿರುವುದು ಹಳೆ ಎಸ್‌ಎಂಬಿ 1 ಮಾತ್ರ. ನಾಸ್‌ನೊಳಗೆ ಈ ಹಂಚುವ ಕೆಲಸ ಮಾಡುವ ಸಾಂಬಾ ಎಂಬ ಸಾಫ್ಟ್‌ವೇರಿನಲ್ಲಿ ಅದು 2019ರ 4.11 ಆವೃತ್ತಿಯಿಂದಲೇ, ನಾವಾಗಿ ತೆರೆಯದಿದ್ದರೆ, ಬಂದ್. ಪಿಂಗ್ (ನಾಸ್ ಉತ್ತರಿಸುತ್ತದಾ ಎಂಬ ಪರೀಕ್ಷೆ) ಸಿಗುತ್ತದೆ, ಫೋಲ್ಡರ್ ತೆರೆಯುವುದಿಲ್ಲ ಅಂತಾದರೆ ಇದೇ ಕಾರಣ. ನಾಸ್ ಸೆಟ್ಟಿಂಗಿನಲ್ಲಿ ಕನಿಷ್ಠ ಪ್ರೊಟೊಕಾಲ್ ಎಸ್‌ಎಂಬಿ 1 ಅಂತ ಮಾಡಿ. ಆಮೇಲೆ ಸರಿಯಾದ ಪಾಸ್‌ವರ್ಡನ್ನೂ ಒಪ್ಪದಿದ್ದರೆ ಎಕ್ಸ್‌ಪಿ ಪಾಸ್‌ವರ್ಡಿನ ಪರಿಶೀಲನೆಗೆ ಹಳೆ ಎನ್‌ಟಿಎಲ್‌ಎಂ ರೀತಿಯ ಉತ್ತರ ಕಳಿಸುತ್ತಿದೆ ಅಂತ ಅರ್ಥ. ಎಕ್ಸ್‌ಪಿಯ ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳಸೆಟ್ಟಿಂಗುಗಳ ಪಟ್ಟಿ) ಎಲ್‌ಎಸ್‌ಎ ಕೀಯಲ್ಲಿ ಎಲ್‌ಎಂ ಕಂಪ್ಯಾಟಿಬಿಲಿಟಿ ಲೆವೆಲ್ 3 ಮಾಡಬೇಕು.

ಮಂಜೇಶ್ವರದಿಂದ: ಅದು ಬೇಡ ಮಾರಾಯ್ರೇ. 2017ರ ವನ್ನಾಕ್ರೈ ವೈರಸ್ ನುಗ್ಗಿದ್ದು ಎಸ್‌ಎಂಬಿ 1ರ ತೂತಿನಿಂದಲೇ. ನಿಮ್ಮಲ್ಲಿ ವಿಂಡೋಸ್ 7 ಉಂಟಲ್ಲ, ಅದನ್ನೇ ನಡುವೆ ನಿಲ್ಲಿಸಿ. ಎಕ್ಸ್‌ಪಿಯಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ. ವಿಂಡೋಸ್ 7 ಅಲ್ಲಿಂದ ಎಳೆದು ಎಸ್‌ಎಂಬಿ 2ರಲ್ಲಿ ನಾಸ್‌ಗೆ ಹಾಕಲಿ. ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಬರುವುದು, ಹೋಗುವುದು ಒಟ್ಟಿಗೇ ನಡೆಯುವುದರಿಂದ ಸಮಯ ದುಪ್ಪಟ್ಟಾಗುವುದಿಲ್ಲ. ಎಕ್ಸ್‌ಪಿಗಳಿಗೆ ಐಪಿ ಕೈಯಾರೆ ಕೊಟ್ಟು ಗೇಟ್‌ವೇ, ಡಿಎನ್‌ಎಸ್ ಖಾಲಿ ಬಿಡಿ, ಇಂಟರ್‌ನೆಟ್ಟಿನ ಉಸಾಬರಿಯೇ ಇಲ್ಲ.

ಮುಳ್ಳೇರಿಯದಿಂದ: ಲೆಕ್ಕ ಮೊದಲು ನೋಡಿ. ಒಂದು ಗಂಟೆಯ ಟೇಪಿಗೆ 13 ಜಿಬಿ. ಚೌಕಿಪೂಜೆಯಿಂದ ಮಂಗಳದವರೆಗೆ 8 ಗಂಟೆಯ ಆಟ ಅಂದರೆ 104 ಜಿಬಿ, ನಿಮ್ಮ ಡಿಸ್ಕಿಗೆ ಒಂದು ಆಟವೂ ಹಿಡಿಯದು. ಟೇಪು ಟೇಪಾಗಿ ಸಾಗಿಸಬೇಕು. ಕ್ಯಾಪ್ಚರ್ (ಟೇಪಿನಿಂದ ಇಳಿಸುವುದು) ಮಾತ್ರ ನೇರ ನಾಸ್‌ಗೆ ಮಾಡಲೇಬೇಡಿ. ಸೆಕೆಂಡಿಗೆ 3.6 ಎಂಬಿ ತಡೆಯಿಲ್ಲದೆ ಹರಿಯಬೇಕು. ನೆಟ್‌ವರ್ಕ್ ಅರೆಗಳಿಗೆ ತೊದಲಿದರೂ ಫ್ರೇಮ್ ಬಿದ್ದುಹೋಗಿ ಚೆಂಡೆಯ ನಡುವೆ ಪೆಟ್ಟು ತಪ್ಪುತ್ತದೆ. ಸ್ಥಳೀಯ ಡಿಸ್ಕಿಗೆ ಇಳಿಸಿ, ಆಮೇಲೆ ಕಾಪಿ. ಸುಮಾರು 19ನೇ ನಿಮಿಷಕ್ಕೆ ಕ್ಯಾಪ್ಚರ್ ನಿಂತರೆ ಟೇಪಿನ ದೋಷ ಅಲ್ಲ, ಡಿಸ್ಕು ಎಫ್‌ಎಟಿ 32 ಎಂಬ ಹಳೆ ಫಾರ್ಮ್ಯಾಟಿನಲ್ಲಿದೆ: ಅದರಲ್ಲಿ ಒಂದು ಫೈಲಿಗೆ 4 ಜಿಬಿಯೇ ಮಿತಿ. ಎನ್‌ಟಿಎಫ್‌ಎಸ್‌ಗೆ ಬದಲಿಸಿ.

100 ಎಂಬಿಪಿಎಸ್ ನೆಟ್‌ವರ್ಕ್ ಕಾರ್ಡಿನಲ್ಲಿ ಟೇಪೊಂದು ಸಾಗಲು 20 ನಿಮಿಷ. ಗಿಗಾಬಿಟ್ ಕಾರ್ಡ್ ಹಾಕಿಯೂ ವೇಗ ಅಷ್ಟೇ ಇದ್ದರೆ ಲ್ಯಾನ್ ವಯರಿನ ಪ್ಲಗ್ ಪರೀಕ್ಷಿಸಿ. 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ.

ಪೆರ್ಲದಿಂದ: ಡಿಸ್ಕು ಕೊಳ್ಳುವಾಗ ಸಿಎಂಆರ್ (ಬರೆಯುವ ಗೆರೆಗಳು ಒಂದರ ಮೇಲೊಂದು ಬಾರದ ಡಿಸ್ಕು) ಅಂತ ಕೇಳಿ. ರೇಡ್ 1 (ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ ಇಡುವ ಏರ್ಪಾಡು) ಇದ್ದರೂ ತಪ್ಪಿ ಅಳಿಸಿದ್ದು ಎರಡೂ ಡಿಸ್ಕಿನಿಂದ ಹೋಗುತ್ತದೆ, ಹಾಗಾಗಿ ಇನ್ನೊಂದು ಯುಎಸ್‌ಬಿ ಡಿಸ್ಕಿನಲ್ಲಿ ಪ್ರತಿ ಇಟ್ಟು ಬೇರೆ ಮನೆಯಲ್ಲಿಡಿ. ಯುಪಿಎಸ್‌ನ ಯುಎಸ್‌ಬಿ ವಯರನ್ನು ನಾಸ್‌ಗೆ ಚುಚ್ಚಿದರೆ ಕರೆಂಟು ಹೋದಾಗ ತಾನೇ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ತುಲಾ ತಿಂಗಳ ಗುಡುಗಿಗೆ ಪ್ಲಗ್ ಕಿತ್ತರೆ ಸಾಲದು, ಲ್ಯಾನ್ ವಯರನ್ನೂ ಕಳಚಿ. ಪಕ್ಕದ ಕಟ್ಟಡಕ್ಕೆ ಎಳೆದ ತಾಮ್ರದ ವಯರಿನಲ್ಲೂ ಸಿಡಿಲಿನ ಪೆಟ್ಟು ಬರುತ್ತದೆ.